ರೈಲು ಬಾರದ ಹಳಿಯ ಮೇಲೆ ನಮ್ಮ ಮಾವ

ಈ ಭೂಮಿಯ ಮೇಲಿರುವುದೆಲ್ಲ ಕುರಿಯೇ ಎಂದು ನಂಬಿದವರು ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ! ಚಳ್ಳಕೆರೆಯ ಕುರಿಸಂತೆಯಲ್ಲೇ ತಲೆ ನರೆಸಿಕೊಂಡ ವ್ಯಾಪಾರಿ. ಸೋಫಾ ಕೊಳ್ಳಲು ಹೋದರೂ ಅದರ ಬೆನ್ನು ಹಿಸುಕಿ ನೋಡುತ್ತಾನೆ. ನನ್ನನ್ನು ನೋಡಲು ಬಂದ ಗಂಡಿಗೆ ‘ನಗಪ್ಪಾ, ಸ್ವಲ್ಪ ನಗು’ ಎಂದು ಗಂಟುಬಿದ್ದದ್ದು ಯಾಕೆ ಅಂದುಕೊಂಡಿರಿ? ಹಲ್ಲು ನೋಡಲು! ಆ ಗಂಡು ಈಗ ನನ್ನ ಯಜಮಾನರು. ಇವತ್ತಿಗೂ ಮಾವನೆದುರು ಬಾಯಿ ಬಿಡುವುದಿಲ್ಲ.

ಇಂಥ ಮಾವ ಅತ್ತೆಯನ್ನು ಕರೆದುಕೊಂಡು ರಾಮೇಶ್ವರಕ್ಕೆ ಹೊರಟು ನಿಂತಾಗ ಮನೆಮಂದಿಯೆಲ್ಲ ಹೌಹಾರಿದೆವು. ಮಂಡಿ ಆಪರೇಷನ್ ಆದ ಮೇಲೆ ಅತ್ತೆ ಹೊಸಿಲು ದಾಟಿರಲಿಲ್ಲ. ಮಂಡಿಯೇನೋ ವಾಸಿಯಾಗಿತ್ತು, ಬಿದ್ದುಬಿಡುತ್ತೇನೆಂಬ ಭಯ ವಾಸಿಯಾಗಿರಲಿಲ್ಲ. ನಡೆಯದೇ ಹೋದರೆ ಕಾಲು ಬಿಗಿದುಕೊಂಡು ಹಾಸಿಗೆಯೇ ಗತಿ ಎಂದು ಡಾಕ್ಟರು ಹೆದರಿಸಿಯೂ ಆಗಿತ್ತು. ಅದಕ್ಕೆ ಮಾವನ ಔಷಧಿ ಏನು ಗೊತ್ತೆ?

‘ಕುಂತ್ ಕುರಿ ಏಳ್ಬೇಕಂದ್ರೆ ಹೊಸ ಹುಲ್ಲುಗಾವಲಿಗೆ ಹೊಡ್ಕಂಡ್ ಹೋಗ್ಬೇಕು!’

ಅತ್ತೆಗೆ ಆಸರೆಯಾಗಿ ನಾನೂ ಹೊರಟೆ. ಸುತ್ತಲೂ ಕಡಲಿರುವ ದ್ವೀಪ ಕಂಡು ಜನ ಕೈ ಮುಗಿದರೆ ಮಾವ ಹಣೆ ಚಚ್ಚಿಕೊಂಡ. ‘ಇಷ್ಟ್ ನೀರೈತೆ, ಒಂದ್ ಮರಿ ಕುಡಿಯಂಗಿಲ್ಲ!’

ಮಾರನೆಯ ದಿನ ಬಸ್ಸಿನಲ್ಲಿ ಧನುಷ್ಕೋಡಿಗೆ ಹೋದೆವು. ಹಿಂದೊಮ್ಮೆ ಅಲ್ಲಿಯವರೆಗೂ ರೈಲು ಓಡುತ್ತಿತ್ತಂತೆ. ಚಂಡಮಾರುತ ಬಂದು ಊರನ್ನೇ ನುಂಗಿದ ಮೇಲೆ ಉಳಿದದ್ದು ಮರಳಲ್ಲಿ ಅರ್ಧ ಹೂತ ಹಳಿ, ಅದರ ಕೊನೆಗೊಂದು ಪಾಳು ಸ್ಟೇಷನ್ನು, ಅದರಾಚೆ ಕಡಲು. ಬಸ್ಸಿಳಿದ ಜಾಗದಿಂದ ಸ್ಟೇಷನ್ನಿಗೆ ಆಟೊ ಹಿಡಿಯೋಣ ಅಂದೆ. ವ್ಯಾಪಾರಕ್ಕೆ ಮಾವ ಮುಂದಾದ!

‘ಆಂಧ್ರ ದಾಟಿದ್ ಮ್ಯಾಲೆ ಎಲ್ಲಾ ಕಡೆ ತೆಲುಗೇ ನಡೀತೈತೆ’ ಎಂಬುದು ಆಂಧ್ರದ ಗಡಿಯ ಮೊಳಕಾಲ್ಮೂರಿನಲ್ಲಿ ಹುಟ್ಟಿದ ಮಾವನ ಭೂಗೋಳ. ಆಟೊದವನು ಅಪ್ಪಟ ತಮಿಳಿನವನು. ‘ಎಂತ ಬಾಬೂ?’ ಎಂದು ತೆಲುಗಿನಲ್ಲಿ ಬಾಡಿಗೆ ಎಷ್ಟೆಂದು ಕೇಳಿದವನೇ ಮಾವ ತನ್ನ ಟವೆಲ್ಲನ್ನು ಅವನ ಕೈಮೇಲೆ ಹೊದಿಸಿ, ಅಡಿಯಲ್ಲಿ ಬೆರಳು ಹಿಡಿದು ಒತ್ತತೊಡಗಿದ. ಪಕ್ಕದವರಿಗೆ ತಿಳಿಯದಂತೆ ಬೆಲೆ ಕುದುರಿಸಲು ನಮ್ಮ ಕುರಿಸಂತೆಯಲ್ಲಿ ಎಲ್ಲರೂ ಮಾಡುವುದು ಇದನ್ನೇ. ಆ ಬಡಪಾಯಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಕೈ ಕಿತ್ತುಕೊಂಡು, ಬೆರಳಲ್ಲಿ ಉಂಗುರ ಇದೆಯೋ ಇಲ್ಲವೋ ನೋಡಿಕೊಂಡು, ಆಟೊ ಸಮೇತ ಪರಾರಿಯಾದ!

‘ಹೋದ್ರೆ ಹೋಗ್ಲಿ. ನಡಿಯೇ, ಹಳಿ ಹಿಡ್ಕಂಡ್ ಹೋಗಾನ’ ಅಂದ ಮಾವ.

‘ನನ್ ಕೈಲಾಗಲ್ರೀ. ಬಿದ್ರೆ?’

‘ಇಲ್ಲಿ ಬಿದ್ರೆ ಮರಳು, ಚಳ್ಳಕೆರೆಯಾಗ್ ಬಿದ್ರೆ ಕಲ್ಲು. ಎಲ್ಲಿ ಬೀಳ್ತೀಯ ನೀನೇ ನೋಡ್ಕ!’

ಅತ್ತೆ ನನ್ನ ಭುಜ ಗಟ್ಟಿಯಾಗಿ ಹಿಡಿದು, ದೇವರ ಹೆಸರು ಹೇಳಿಕೊಂಡು, ಹಳಿಯ ನಡುವೆ ಕಾಲಿಡಬೇಕು ಅನ್ನುವಷ್ಟರಲ್ಲಿ ಮಾವ ‘ತಡಿಯೇ!’ ಎಂದು ಕಿರುಚಿದ. ಮಂಡಿಯೂರಿ ಕೂತು, ತುಕ್ಕು ತಿಂದ ಹಳಿಗೆ ಕಿವಿಯಿಟ್ಟ! ನಮ್ಮ ಕಡೆ ಮಂದೆ ಹೊಡೆದುಕೊಂಡು ರೈಲುಹಾದಿ ದಾಟುವವರು ಹೀಗೆ ಮಾಡುತ್ತಾರೆ, ದೂರದ ರೈಲಿನ ಸದ್ದು ಹಳಿಯಲ್ಲಿ ಮೊದಲೇ ಕೇಳುತ್ತದೆಂದು.

‘ಮಾವ, ಇಲ್ಲಿ ರೈಲು ನಿಂತು ಎಷ್ಟು ಕಾಲ ಆಯ್ತು!’

‘ನಿಂತಿದ್ದು ಯಾವಾಗ ಹೊರಡ್ತೈತೋ, ಯಾರಿಗ್ ಗೊತ್ತು?’

ಅಷ್ಟರಲ್ಲಿ ಅಲ್ಲಿಗೆ ಬಂದ ಯಾತ್ರಿಕರ ಗುಂಪು ಮಾವನನ್ನು ನೋಡಿ, ಇದು ಏನೋ ಕ್ಷೇತ್ರದ ಪದ್ಧತಿಯೇ ಇರಬೇಕೆಂದು ಸಾಲಾಗಿ ಕೂತು ಹಳಿಗೆ ಕಿವಿಯಿಟ್ಟಿತು! ಒಬ್ಬ ಅಜ್ಜಿ ಹಳಿಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದೇಬಿಟ್ಟರು. ಮಾವ ಸಂಕೋಚವಿಲ್ಲದೆ ಒಂದು ಹೋಳು ಇಸಕೊಂಡು ಬಂದ.

ಅತ್ತೆ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಇವ್ರನ್ ಕಟ್ಕಂಡು ನನ್ ಮಾನ ಹೋತಲ್ಲವ್ವಾ’ ಎಂದು ಬೈಯುತ್ತಲೇ ನಡೆದಳು. ಹಳಿ ಮರಳಲ್ಲಿ ಮುಳುಗಿ ಮತ್ತೆ ಎದ್ದಲ್ಲೆಲ್ಲ ಮಾವ ಮತ್ತೆ ಕಿವಿಯಿಡುವುದು, ಅತ್ತೆ ಮತ್ತೆ ಬೈಯುವುದು. ಈ ಜಗಳದ ನಡುವೆ ನನ್ನ ಭುಜದ ಮೇಲಿದ್ದ ಅವಳ ಕೈ ಯಾವಾಗ ಜಾರಿತೋ, ನನಗೂ ತಿಳಿಯಲಿಲ್ಲ.

ಪಾಳು ಸ್ಟೇಷನ್ನಿನ ನೆರಳಿಗೆ ಬಂದಾಗ ಮಾವ ಅಂದ, ‘ಸಾಕು, ಕುಂತ್ಕ. ಆಟೊ ಕರೀತೀನಿ.’

ಅತ್ತೆ ಕೂರಲಿಲ್ಲ. ‘ಸಮುದ್ರ ಇನ್ನೂ ಮುಂದೈತಲ್ರೀ’ ಎಂದು ಒಬ್ಬಳೇ ನಡೆದುಕೊಂಡು ಹೊರಟಳು.

ನಾನು ತಿರುಗಿ ನೋಡಿದರೆ ಮಾವನ ಕಣ್ಣು ತುಂಬಿತ್ತು. ‘ದಿನಾ ಬೆಳಿಗ್ಗೆ ಅವ್ಳ ಹೆಜ್ಜೆ ಸಪ್ಪಳಕ್ಕೇ ಏಳ್ತಿದ್ದೆ ಕಣವ್ವಾ’ ಅಂದ. ‘ಇಷ್ಟ್ ದಿನ ಮನಿ ಗಪ್ ಚುಪ್ ಆಗಿತ್ತು. ನನಗ್ ಭಾಳ ಭಯ ಆಗಿತ್ತು.’

ನನಗೂ ಅಳು ಬಂತು. ಅಷ್ಟರಲ್ಲಿ ನೀರಿನ ಅಂಚಿನಿಂದ ಅತ್ತೆಯ ದನಿ ಕೇಳಿತು. ‘ರೀ, ಬರ್ತೀರೋ, ನಾನೇ ಹೋಗ್ಲೋ?’

ಮಾವ ಚಪ್ಪಲಿಯನ್ನೂ ಬಿಟ್ಟು ಓಡಿದ.