ಕೊನೆಯ ಒಂದು ಗಂಟೆಯ ಮತದಾರ

ಕೊರೊನಾ ಎಂಬುದೇ ಇಲ್ಲವೆಂದು ಪ್ರಪಂಚದಲ್ಲಿ ಮೊಟ್ಟಮೊದಲು ಕಂಡುಹಿಡಿದವರು ನನ್ನ ಸೋದರಮಾವ! ಲಗ್ಗೆರೆಯ ತಮ್ಮ ಮನೆಯ ಜಗಲಿಯಲ್ಲಿ, ಎರಡನೇ ಕಾಫಿ ಮುಗಿಯುವುದರೊಳಗೆ. ಅದು ಮೊದಲನೇ ಕಾಫಿಯೂ ಇರಬಹುದು. ನನ್ನ ನೆನಪಿನ ಮೇಲೆ ನನಗೇ ಅಷ್ಟು ಭರವಸೆಯಿಲ್ಲ. ಮಾವನಿಗಂತೂ ಯಾವತ್ತೂ ಇರಲಿಲ್ಲ.

ಅವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಓಡಿಸಿದವರು. ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೋಮೀಟರ್ ಈಗಲೂ ಷೋಕೇಸಿನಲ್ಲಿದೆ. "ಇದಕ್ಕೆ ಸಿಗದೇ ಇರೋ ವಸ್ತು ಭೂಮಿ ಮೇಲಿಲ್ಲ ಕಣೋ. ಎಂ.ಎಸ್ಸಿ. ಮಾಡಿದೀಯಲ್ಲ, ತಗೊಂಡ್ಬಾ ನಿನ್ನ ವೈರಸ್ಸು, ಅಳೆದೇ ಬಿಡೋಣ!"

ವೈರಸ್ಸನ್ನು ಯಾವ ಡಬ್ಬಿಯಲ್ಲಿ ತೆಗೆದುಕೊಂಡು ಹೋಗುವುದು?

ಅಷ್ಟರಲ್ಲಿ ಉಪಚುನಾವಣೆ ಬಂತು. ಟಿವಿಯಲ್ಲಿ ಡಾಕ್ಟರುಗಳು "ಬಹುಶಃ", "ಸದ್ಯಕ್ಕೆ ಹೇಳಲಾಗದು" ಎನ್ನುತ್ತಿದ್ದರೆ, ಮಾವನ ಬೀದಿಗೆ ಬಂದ ಅಭ್ಯರ್ಥಿಯೊಬ್ಬರು ಸಿಕ್ಕವರನ್ನೆಲ್ಲ ತಬ್ಬಿಕೊಂಡು, "ಏನೂ ಇಲ್ಲ! ಎಸಿ ರೂಮಲ್ಲಿ ಕೂತಿರೋರು ನಮ್ಮ ಕೂಲಿ ಜನಾನ ಹೆದರಿಸ್ತಾವ್ರೆ!" ಎಂದುಬಿಟ್ಟರು. ಮಾವ ಅಲ್ಲೇ ಶರಣು. "ಬಹುಶಃ ಅನ್ನೋರಿಗೆಲ್ಲ ನಾನು ವೋಟ್ ಹಾಕಲ್ಲ!"

ಅದೇ ಅಭ್ಯರ್ಥಿ ತಮ್ಮ ಮುಖ ಅಚ್ಚಾದ ಮಾಸ್ಕುಗಳನ್ನೂ ಹಂಚಿದರು. ಇಲ್ಲದ ಕಾಯಿಲೆಗೆ ಮಾಸ್ಕೇಕೆ ಎಂದು ಯಾರೂ ಕೇಳಲಿಲ್ಲ. ಮಾವ ಅದನ್ನು ಗಡ್ಡಕ್ಕೆ ಹಾಕಿಕೊಂಡು ತಿರುಗಿದರು. ಮೂಗಿಗೇರಿಸಿ ಎಂದರೆ, "ನಾಯಕರ ಮುಖದ ಮೇಲೆ ಸೀನಕ್ಕಾಗುತ್ತೇನೋ?"

ಮತದಾನಕ್ಕೆ ನಾಲ್ಕು ದಿನ ಇರುವಾಗ ಮಾರ್ಕೆಟ್ಟಿನಲ್ಲಿ ತಪಾಸಣೆಯವರು ಕೂತಿದ್ದರು. ಮಾವ ತಾವೇ ಹೋಗಿ, "ಹಾಕ್ರೀ ಕಡ್ಡಿ, ಇವತ್ತು ಇತ್ಯರ್ಥ ಆಗೋಗ್ಲಿ!" ಎಂದು ಮೂಗೊಡ್ಡಿದರು. ಮಾರನೇ ದಿನ ಫಲಿತಾಂಶ ಬಂತು: ಪಾಸಿಟಿವ್.

"ಕಡ್ಡೀಲೇ ಇತ್ತು ಕಣೋ!"

ಅತ್ತೆ ಅವರನ್ನು ಮುಂದಿನ ಕೋಣೆಗೆ ದಬ್ಬಿ ಬಾಗಿಲು ಹಾಕಿದರು. ಆದರೆ ವೋಟು? ಹಕ್ಕು ಬಂದಾಗಿನಿಂದ ಮಾವ ಒಂದೇ ಒಂದು ಸಲ ತಪ್ಪಿಸಿದವರಲ್ಲ. ಸೋಂಕಿತರಿಗೆ ಕೊನೆಯ ಒಂದು ಗಂಟೆ ಬಿಡುತ್ತಾರೆ, ಆದರೆ ಮೊದಲೇ ಫೋನ್ ಮಾಡಿ ಹೆಸರು ಬರೆಸಬೇಕು ಎಂದು ಅತ್ತೆ ಬಾಗಿಲಾಚೆಯಿಂದ ಹೇಳಿದರು. ರೋಗಿಗಳ ಪಟ್ಟಿಯಲ್ಲಿ ಹೆಸರು!

ಮಾವ ಎರಡು ದಿನ ಒದ್ದಾಡಿದರು. ನನಗೇ ಫೋನ್ ಮಾಡಿ ಗೋಳಾಡಿದರು: "ಕಾಯ್ಲೆ ಐತೆ ಅಂತ ಒಪ್ಕೊಂಡ್ರೆ ನಾಯಕರ ಮಾತು ಸುಳ್ಳಾಗುತ್ತೆ. ಒಪ್ಕೊಳ್ದಿದ್ರೆ ನಾಯಕರಿಗೆ ಒಂದು ವೋಟು ಖೋತಾ! ಏನಯ್ಯ ಮಾಡ್ಲಿ?"

ಕೊನೆಗೆ ಬರೆಸಿದರು. ಬರೆಸಿಕೊಂಡವರಿಗೆ, "ಪಾಸಿಟಿವ್ ಅಂತಿರೋದು ನೀವು, ನಾನಲ್ಲ. ಬರ್ಕೊಳಿ," ಎಂದರಂತೆ.

ಮತದಾನದ ದಿನ ಸಂಜೆ ನಾನು ವಿಜಯನಗರದಿಂದ ಸ್ಕೂಟರಿನಲ್ಲಿ ಹೋಗಿ ಶಾಲೆಯ ಗೇಟಿನಾಚೆ ನಿಂತಿದ್ದೆ, ನಗುವುದಕ್ಕೆಂದೇ. ಆಂಬುಲೆನ್ಸಿನಿಂದ ಬಿಳಿ ರಕ್ಷಾ ಉಡುಪಿನಲ್ಲಿ ಇಳಿದ ಮಾವ ಹಿಟ್ಟಿನ ಮೂಟೆಯಂತೆ ಕಂಡರು. ಗೇಟಿನ ನೇರಕ್ಕೇ ಮತಗಟ್ಟೆಯ ಬಾಗಿಲು ತೆರೆದಿತ್ತು. ಒಳಗೆ ಅಂಥದೇ ಉಡುಪಿನಲ್ಲಿ ಒಬ್ಬ ಹುಡುಗಿ ಬೆರಳಿಗೆ ಶಾಯಿ ಹಚ್ಚುತ್ತಿದ್ದಳು. ಮಾವ ಒಂದು ಗಳಿಗೆ ತಡೆದರು. ಎದೆ ತುಂಬ ಗಾಳಿ ಎಳೆದುಕೊಂಡರು, ಮುಖವನ್ನು ಪೂರ್ತಿ ಗೋಡೆಯ ಕಡೆ ತಿರುಗಿಸಿದರು, ಕೈಯೊಂದನ್ನು ಮಾತ್ರ ಆದಷ್ಟೂ ಉದ್ದಕ್ಕೆ ಚಾಚಿದರು. ಶಾಯಿ ಹಚ್ಚಿ ಅವಳು ಹಿಂದೆ ಸರಿಯುವವರೆಗೂ ಅವರ ಎದೆ ಅಲುಗಲಿಲ್ಲ.

ವೋಟು ಒತ್ತಿ ಹೊರಗೆ ಬಂದವರನ್ನು ಕೂಗಿ ಕೆಣಕಿದೆ: "ಏನ್ ಮಾವ, ಉಸಿರು ಬಿಗಿಹಿಡಿದ್ರಿ? ಕೊರೊನಾನೇ ಇಲ್ಲ ಅಂತಿದ್ರಲ್ಲ!"

"ನಂಗಿಲ್ಲ ಕಣೋ! ಆ ಹುಡುಗಿ ಮನೇಲಿ ಯಾರ್ಯಾರವ್ರೋ ನಂಗೇನು ಗೊತ್ತು?"

ನಾನು ನಗುತ್ತ ಗೇಟು ತಳ್ಳಿ ಎರಡು ಹೆಜ್ಜೆ ಮುಂದೆ ಹೋದೆ. ಮಾವ ಗಾಬರಿಯಿಂದ ಆಂಬುಲೆನ್ಸಿನತ್ತ ಹಿಂದೆ ಹಿಂದೆ ಸರಿದರು.

"ಅಲ್ಲೇ ನಿಂತ್ಕೊಳೋ, ಹತ್ರ ಬರಬೇಡ! ನನ್ನ ತಂಗಿಗೆ ಇರೋನು ನೀನೊಬ್ಬ."