ರೋಗಿಯ ಮುಖ ನೋಡಿದ ಅಪರಾಧಕ್ಕೆ

ಆನ್‌ಲೈನ್ ನರ್ಸಿಂಗ್ ಪರೀಕ್ಷೆಗಳನ್ನು ಮೊಬೈಲ್ ಕ್ಯಾಮೆರಾದಿಂದ ಕಾಯುವ ಮಾನ್ಯ ಯಂತ್ರದವರೇ,

ರೆಪ್ಪೆ ಬಡಿಯದ ತಮ್ಮ ಒಂಟಿ ಕಣ್ಣಿಗೆ ದೂರದಿಂದಲೇ ಕೈಮುಗಿಯುತ್ತೇನೆ. ಹಳ್ಳಿ ಶಾಲೆಯ ಏಳನೇ ತರಗತಿಯಲ್ಲಿ ಎರಡನೇ ಸ್ಥಾನ ಪಡೆದವನು ನಾನು. ತರಗತಿಯಲ್ಲಿ ಇದ್ದದ್ದೇ ಇಬ್ಬರು ಎಂದು ಹೊಟ್ಟೆಕಿಚ್ಚಿನವರು ಹೇಳುತ್ತಾರೆ. ನಮ್ಮ ಮೇಷ್ಟರು ಪರೀಕ್ಷೆಯ ಹೊತ್ತಿಗೆ ಸರಿಯಾಗಿ ತೂಕಡಿಸುತ್ತಿದ್ದರು. ತಮ್ಮನ್ನು ಕಂಡ ಮೇಲೆ ಅವರ ದೊಡ್ಡತನ ಅರ್ಥವಾಯಿತು.

ನನ್ನ ಅಕ್ಕನ ಮಗಳು ನರ್ಸಿಂಗ್ ಮೊದಲ ವರ್ಷದಲ್ಲಿದ್ದಾಳೆ. ಪಾಠವೆಲ್ಲ ಮೊಬೈಲಿಗೆ ಇಳಿದ ಮೇಲೆ ವಾರ್ಡಿನ ಬಾಗಿಲನ್ನೂ ಕಾಣದ ಅವಳು ದಿಂಬಿಗೆ ಸೂಜಿ ಚುಚ್ಚಿ ಕಲಿತಳು. ಮಲಗಿರುವವರನ್ನು ಎಬ್ಬಿಸದೆ ಹಾಸಿಗೆಯ ಬಟ್ಟೆ ಬದಲಿಸುವುದನ್ನು ಕಲಿಯಲು ರೋಗಿ ಬೇಕೆಂದಾಗ ಆ ಪದವಿಯನ್ನು ನಾನು ಅಲಂಕರಿಸಿದೆ. ನನ್ನಂಥ ರೋಗಿ ದೊಡ್ಡಾಸ್ಪತ್ರೆಯಲ್ಲೂ ಸಿಗುವುದಿಲ್ಲ ಎಂದು ನಾನೇ ಹೇಳಿಕೊಳ್ಳಬಾರದು, ಬೇರೆ ಯಾರೂ ಹೇಳದ್ದರಿಂದ ಹೇಳುತ್ತಿದ್ದೇನೆ. ನೆಟ್‌ವರ್ಕ್ ಹೋಗಿ ಮೂಳೆಗಳ ಪಾಠ ಅರ್ಧದಲ್ಲೇ ಮುರಿದು ನಿಲ್ಲುತ್ತದೆ, ಹುಡುಗಿ ಊಟದ ತಟ್ಟೆಯ ಮುಂದೆ ಕೂತು ಉಗುರು ಕಚ್ಚುತ್ತಾಳೆ. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ. ಬಟ್ಟೆ ಒಗೆಯುತ್ತಿದ್ದಾಳೆಂದು ನಂಬಿದವರ ಹಾಗೆ ನಾವು ಓಡಾಡುತ್ತೇವೆ.

ಮೊನ್ನೆ ಪ್ರಾಯೋಗಿಕ ಪರೀಕ್ಷೆಯಂದು ತಮ್ಮ ಸನ್ನಿಧಾನದಲ್ಲಿ ಅವಳು ನನ್ನ ನಾಡಿ ಹಿಡಿದು ಉತ್ತರ ಹೇಳುತ್ತಿದ್ದಾಗ, ಪರೀಕ್ಷೆಗೆ ಒಂದಿಷ್ಟು ಕಳೆ ಬರಲೆಂದು ನಾನು ನರಳಿದೆ. ಎಂಥ ನರಳಾಟವೆಂದರೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದರು. ಹುಡುಗಿ ಗಾಬರಿಯಿಂದ ತಿರುಗಿ, "ಮಾವ, ಏನಾಯ್ತು? ಎಲ್ಲಿ ನೋಯ್ತಿದೆ?" ಎಂದಳು. ಪರದೆಯಿಂದ ಕಣ್ಣು ತೆಗೆದಳು, ಪರರೊಡನೆ ಮಾತಾಡಿದಳು ಎಂದು ತಾವು ಅಲ್ಲೇ ಅವಳನ್ನು ಹೊರಹಾಕಿದಿರಿ. ಎಂಥ ನ್ಯಾಯ! ನರ್ಸ್ ಆಗಬೇಕಾದವಳು ರೋಗಿಯ ಮುಖ ನೋಡುವುದೆಂದರೇನು, ನೋವೆಲ್ಲಿ ಎಂದು ಕೇಳುವುದೆಂದರೇನು!

ಮರುಪರೀಕ್ಷೆಯಲ್ಲೂ ತಪ್ಪಿದರೆ ವರ್ಷವೇ ಹೋಗುತ್ತದಂತೆ. ಈಗ ಕತ್ತು ತಿರುಗಿಸದಿರುವ ಅಭ್ಯಾಸ ನಡೆದಿದೆ. "ಮಾವ, ದಮ್ಮಯ್ಯ, ನರಳಬೇಡಿ. ನಾನು ನೋಡೋ ಹಾಗಿಲ್ಲ" ಎಂದು ನಿನ್ನೆ ಕೈಹಿಡಿದು ಬೇಡಿಕೊಂಡಳು. ಆದ್ದರಿಂದ ದಯವಿಟ್ಟು ಊರಿನ ರೋಗಿಗಳೆಲ್ಲ ಪರದೆಯ ಮೇಲೆಯೇ ಮಲಗುವಂತೆ ಆದೇಶ ಹೊರಡಿಸಿ. ಆಗದಿದ್ದರೆ ತಾವೇ ಒಮ್ಮೆ ಜ್ವರ ಬರಿಸಿಕೊಂಡು ಮಲಗಿ ನೋಡಿ. ಮುಖ ನೋಡದ ನರ್ಸನ್ನು ನಾನೇ ಹುಡುಕಿ ಕಳಿಸುತ್ತೇನೆ.

ಇಂತಿ, ತಮ್ಮ ಕಣ್ಣಳತೆಯಲ್ಲೇ ಮಲಗಿರುವ ವಿಶ್ವಾಸಿ,
ಹುಡುಗಿಯ ಸೋದರಮಾವ

ತಾ.ಕ.: ಮರುಪರೀಕ್ಷೆ ಮುಗಿಯಿತು. ತಮ್ಮ ಮೇಲಿನ ಗೌರವದಿಂದ ಕೆಮ್ಮನ್ನೂ ನುಂಗಿಕೊಂಡು ಕೊರಡಿನಂತೆ ಬಿದ್ದಿದ್ದೆ. ಹುಡುಗಿ ಪರದೆ ಬಿಟ್ಟು ನನ್ನತ್ತ ಬಗ್ಗಿ, "ಮಾವ, ಯಾಕಿಷ್ಟು ಸುಮ್ಮನಿದ್ದೀರಿ? ಉಸಿರಾಡ್ತಿದ್ದೀರಾ?" ಎಂದುಬಿಟ್ಟಳು. ತಾವು ಮತ್ತೆ ಹೊರಹಾಕಿದಿರಿ. ಅವಳ ವರ್ಷ ಈಗ ತಮ್ಮ ವಶದಲ್ಲಿದೆ, ಜೋಪಾನ. ಕೇಳಿ ವಾಪಸು ತರಲು ನನ್ನ ಅಕ್ಕ ಕಾಲೇಜಿಗೆ ಹೊರಟಿದ್ದಾಳೆ. ಅವಳಿಗೆ ನನ್ನಷ್ಟು ವಿನಯವಿಲ್ಲ, ಪತ್ರ ಬರೆದು ಅಭ್ಯಾಸವೂ ಇಲ್ಲ, ಬಾಯಲ್ಲೇ ಹೇಳುತ್ತಾಳಂತೆ.