ಬಟ್ಟಲಲ್ಲಿ ನೆನೆದ ದ್ವೀಪ

ಲಕೋಟೆಗೆ ಅಂಟಿದ ಸ್ಟಾಂಪನ್ನು ಕೈಯಿಂದ ಕಿತ್ತರೆ ಹರಿಯುತ್ತದೆ, ನೀರಿನಲ್ಲಿ ನೆನೆಸಬೇಕು. ಮಾನ್ವಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಜಹೀರುದ್ದೀನನಿಗೆ ಇದು ಚೆನ್ನಾಗಿ ಗೊತ್ತಿತ್ತು. ನೆನೆಸಿದ ಬಟ್ಟಲನ್ನು ಅಂಗಳದ ಕಟ್ಟೆಯ ಮೇಲೆ ಇಡಬಾರದು ಎಂಬುದು ಮಾತ್ರ ಗೊತ್ತಿರಲಿಲ್ಲ.

ಹಡಗಿನಲ್ಲಿ ಅಡುಗೆ ಮಾಡುವ ಭಾವಮೈದ ಕಳಿಸಿದ ಸ್ಟಾಂಪು ಅದು: ನೀಲಿ ಕಡಲು, ನಡುವೆ ಪುಟ್ಟ ದ್ವೀಪ, ಬಾಗಿದ ತೆಂಗಿನ ಮರಗಳು. ಅದರ ಫೋಟೊ ರಾಯಚೂರಿನ ಸ್ಟಾಂಪು ಸಂಗ್ರಾಹಕರ ಸಂಘಕ್ಕೆ ತಲುಪಿದರೆ ಅವನ ‘ದ್ವೀಪಗಳು’ ಡಿಜಿಟಲ್ ಆಲ್ಬಮ್ ಪೂರ್ತಿಯಾಗಿ, ಅಂದು ಸಂಜೆಯ ಪ್ರದರ್ಶನದಲ್ಲಿ ದೊಡ್ಡ ಪರದೆಯ ಮೇಲೆ ಅವನ ಹೆಸರಿನೊಂದಿಗೆ ಮೂಡುತ್ತಿತ್ತು. ರಸೀದಿ ಪುಸ್ತಕ ಬಿಟ್ಟರೆ ಅವನ ಹೆಸರು ಎಲ್ಲೂ ಮೂಡಿದ್ದಿಲ್ಲ.

ಸ್ಟಾಂಪು ಒಣಗಿಸಲು ಹಳೆ ಪೇಪರ್ ಹುಡುಕಿ ತರುವಷ್ಟರಲ್ಲಿ ಬಟ್ಟಲು ಬೇಸಿಗೆಯ ಕೆರೆಯಂತೆ ಬರಿದಾಗಿತ್ತು. ಪಕ್ಕದಲ್ಲಿ ನೆರೆಮನೆಯ ನೀಲಗಂಗಮ್ಮ ತೇಗುತ್ತ ಕೂತಿದ್ದಳು.

“ನಿಮ್ಮವ್ವಂದು ಭಾಳ ದೊಡ್ಡ ಮನಸಪಾ. ನಾ ಬರೂದರಾಗನ ನೀರು ಮಾಡಿಟ್ಟಾಳ.”

ಜಹೀರನ ತಾಯಿ ಹಾಜಿರಾ ಬೀ ಹೊಟ್ಟೆನೋವಿನವರಿಗೆ ದುವಾ ಎಂಬ ಪ್ರಾರ್ಥನೆ ಬರೆದ ಕಾಗದ ನೆನೆಸಿದ ನೀರು ಕೊಡುತ್ತಿದ್ದಳು. ನೀರು ಕುಡಿದು, ಕಾಗದವನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಳ್ಳುವುದು ಓಣಿಯವರೆಲ್ಲರ ರೂಢಿ. ನೀಲಗಂಗಮ್ಮನ ತೋಳಿನಲ್ಲಿ ಹೊಸ ಗಂಟೊಂದು ಕಂಡಿತು.

“ಚಿಗವ್ವಾ, ಅದು ದುವಾ ಅಲ್ಲ, ಸ್ಟಾಂಪು! ಅದರಾಗ ಬರೇ ತೆಂಗಿನ ಗಿಡ ಅವ!”

“ತೆಂಗು ಹೊಟ್ಟಿಗಿ ತಂಪಲ್ಲೇನು?”

“ಬಿಚ್ಚಿ ಕೊಡವಾ!”

“ಬಿಚ್ಚಿದ್ರ ನೋವು ತಿರುಗಿ ಬರ್ತದ. ನಿನ್ನ ಹೊಟ್ಯಾಗ ಇಟಗೋತಿಯೇನು?”

ಗದ್ದಲ ಕೇಳಿ ಚಹಾದಂಗಡಿಯ ದಸ್ತಗೀರ್ ಸಾಬ್ ಬಂದು ತೀರ್ಪು ಕೊಟ್ಟ: “ಗುಣ ಆದವರನ್ನ ಕೆಡಸಬಾರ್ದು ಮಿಯಾ.”

ಸಂತೆಯಿಂದ ಮರಳಿದ ಹಾಜಿರಾ ಬೀಗೆ ಬೇರೆಯದೇ ದುಃಖ. “ಇಷ್ಟು ವರ್ಷ ನನ್ನ ನೀರು ಕುಡದಿ. ಒಮ್ಮಿನೂ ಇಷ್ಟು ಲಗೂ ಗುಣ ಆಗಿರಲಿಲ್ಲಲ್ಲ!”

ಮಧ್ಯಾಹ್ನದವರೆಗೂ ಜಹೀರ್ ಎರಡು ಮನೆಗಳ ನಡುವೆ ಯಂತ್ರದ ಸೂಜಿಯಂತೆ ಆಡಿದ. ಕೊನೆಗೆ ನೀಲಗಂಗಮ್ಮನ ಸೊಸೆ ವಿಜಯಲಕ್ಷ್ಮಿ ದಾರಿ ತೋರಿದಳು. “ಅತ್ತಿ, ಒಂದು ಗಳಿಗಿ ಬಿಚ್ರಿ. ಫೋಟೊ ಹೊಡಕೊಳ್ಳಲಿ, ಮತ್ತ ಕಟ್ಟೋಣು.”

ನೀಲಗಂಗಮ್ಮ ಷರತ್ತು ಹಾಕಿದಳು: “ಫೋಟೊ ಮೊದಲ ನನ್ನ ಫೋನಿಗಿ ಹಾಕು. ಅರಕೇರಾದಾಗ ನನ್ನ ತಂಗಿಗೂ ಹೊಟ್ಟಿ ಬ್ಯಾನಿ.”

ಜಹೀರ್ ಉಸಿರು ಬಿಗಿಹಿಡಿದು ಫೋಟೊ ತೆಗೆದ. ಅವಳಿಗೆ ಕಳಿಸಿದ. ಮನೆಗೆ ಹೋಗಿ ಅಂಚು ನೇರ ಮಾಡಿದ, ಕಡಲಿನ ಬಣ್ಣ ತಿದ್ದಿದ, ತಿದ್ದಿದ್ದು ಹೆಚ್ಚಾಯಿತೆಂದು ಮತ್ತೆ ಮೊದಲಿನಂತೆ ಮಾಡಿದ. ನಾಲ್ಕರ ಹೊತ್ತಿಗೆ ಸಂಘಕ್ಕೆ ಕಳಿಸಿದ.

ಸಂಘದ ಕಾರ್ಯದರ್ಶಿ ಶರಣಯ್ಯನವರೇ ಫೋನ್ ಮಾಡಿದರು. “ನಿಮ್ಮ ಆಲ್ಬಮ್ ಕೈಬಿಟ್ಟೀವ್ರಿ. ಎಲ್ಲೆಲ್ಲೋ ಹರಿದಾಡೋ ಫೋಟೊ ನಡಿಯಂಗಿಲ್ಲ, ಸ್ವಂತ ಸ್ಟಾಂಪಿಂದೇ ಬೇಕು.”

“ಸ್ವಂತದ್ದೇ ಸರ್! ಆಣಿ ಮಾಡ್ತೀನಿ!”

“ದೇವದುರ್ಗದಿಂದ ನಮ್ಮತ್ತಿ ನಿಮಗಿಂತ ಮೊದಲ ಇದನ್ನ ಕಳಿಸ್ಯಾರ. ‘ಹೊಟ್ಟಿನೋವಿಗಿ ಇದನ್ನ ನೋಡಕೋತ ನೀರು ಕುಡೀರಿ, ಹತ್ತು ಮಂದಿಗಿ ಕಳಸ್ರಿ’ ಅಂತ. ನಿಮ್ಮದೇ ಆಗಿದ್ರ ಆರರೊಳಗ ಅಸಲಿ ತಂದು ತೋರಸ್ರಿ.”

ಜಹೀರ್ ಫೋನ್ ಕಿವಿಗಿಟ್ಟುಕೊಂಡೇ ಪಕ್ಕದ ಮನೆಗೆ ಓಡಿದ.

ವಿಜಯಲಕ್ಷ್ಮಿ ಬಾಗಿಲಲ್ಲೇ ಹೇಳಿದಳು: “ಅತ್ತಿ ಅರಕೇರಾ ಬಸ್ ಹತ್ಯಾರಲ್ಲ! ಫೋಟೊದಿಂದ ತಂಗಿಗಿ ಅರ್ಧಾನೇ ಗುಣ ಆಗ್ಯಾದಂತ. ಅದಕ್ಕ ಅಸಲೀನೇ ನೆನಸಿ ಕುಡಸಾಕ ಹೋದ್ರು.”

ಫೋನಿನೊಳಗೆ ಶರಣಯ್ಯನವರ ದನಿ ತಗ್ಗಿತು.

“ಅರ್ಧಾನೇ ಅಂದ್ರೇನ್ರಿ? ನನಗೂ ಅಷ್ಟೇ ಆಗ್ಯಾದ. ಅಸಲಿ ತಿರುಗಿ ಯಾವಾಗ ಬರ್ತದ, ಸ್ವಲ್ಪ ಕೇಳ್ರಿ.”